ದಡ್ಡರ ವೈನಿ

ವೈನಿಯ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳಿದ್ದವು. ರೊಟ್ಟಿ ಹಂಚಿನ ಅಂಚು ತಾಗಿ ಆದವು. ಹಳೆಯವು ಕಪ್ಪಗೆ, ಹೊಸವು ಕೆಂಪಗೆ. ರೊಟ್ಟಿ ತಿರುವುವಾಗ ಅವರ ಕಣ್ಣು ಹಂಚಿನ ಮೇಲಿರುತ್ತಿರಲಿಲ್ಲ, ನಮ್ಮ ಪಾಟಿಗಳ ಮೇಲಿರುತ್ತಿತ್ತು. ಏಳಕ್ಕೆ ಎಂಟು ಕೂಡಿಸಿ ನಾನು ಹದಿನಾರು ಎಂದು ಬರೆದ ದಿನ ಒಂದು ಕಲೆ ಹೆಚ್ಚಾಯಿತು. ಚುರ್ ಎಂದಿತು. ವೈನಿ ಕೈ ಝಾಡಿಸಿ, “ಹದಿನಾರಲ್ಲವ್ವಾ, ಇನ್ನೊಮ್ಮಿ ನೋಡು” ಎಂದರೇ ಹೊರತು ಬಾಯಿಂದ ಹಾ ಎನ್ನುವ ಸದ್ದು ಬರಲಿಲ್ಲ.

ಅವರ ಬಗ್ಗೆ ಸಮಾಧಾನದಿಂದ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಆಗಿಲ್ಲ. ಸಮಾಧಾನ ಬರಲಿ ಎಂದು ಕಾದರೆ ನಾನೇ ಹೋಗಿಬಿಡುತ್ತೇನೆ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮ್ಮೂರು ಮಸ್ಕಿಗೆ ಹತ್ತಿರ. ಸಂತೆಗೆ, ಬಸ್ಸಿಗೆ, ದವಾಖಾನೆಗೆ ಎಲ್ಲದಕ್ಕೂ ಮಸ್ಕಿಗೇ ನಡೆಯಬೇಕು. ವೈನಿ ನಮ್ಮೂರ ಹೆಡ್‌ಮಾಸ್ತರರ ಹಿರಿಯ ಸೊಸೆ. ಕೃಷ್ಣೆಯ ಆಚೆ ದಂಡೆಯಿಂದ, ಬಾಗಲಕೋಟೆ ಕಡೆಯ ಒಂದು ಹಳ್ಳಿಯಿಂದ ಮದುವೆಯಾಗಿ ಬಂದವರು. ಆ ಕಡೆ ಆಗ ಇಂಗ್ಲಿಷರ ರಾಜ್ಯ, ಶಾಲೆಗಳು ಕನ್ನಡದವು. ವೈನಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದರು. ನಮ್ಮೂರಲ್ಲಿ ಕನ್ನಡದಲ್ಲಿ ಅಷ್ಟು ಓದಿದ ಗಂಡಸರೇ ಇರಲಿಲ್ಲ. ಗಂಡ ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಬಂದು ಹೋಗುವವರು. ಅಣ್ಣನ ಹೆಂಡತಿ ಎಂದು ಮೈದುನರು ‘ವೈನಿ’ ಎನ್ನುತ್ತಿದ್ದರು. ಅವರಿಂದ ಕಲಿತು ಓಣಿಯ ಮಕ್ಕಳೆಲ್ಲ ಹಾಗೇ ಕರೆದೆವು. ವಯಸ್ಸು ಇಪ್ಪತ್ತರ ಆಸುಪಾಸು ಇದ್ದಿರಬೇಕು. ನಮಗೆ ಆಗ ಬಹಳ ದೊಡ್ಡವರಾಗಿ ಕಾಣುತ್ತಿದ್ದರು.

ನಾನು ಸಿಂಪಿಗೇರ ಮನೆಯವಳು. ಅಪ್ಪ ಅಂಗಿ ಹೊಲಿಯುತ್ತಿದ್ದ, ಅವ್ವ ಕಾಜಾ ತೆಗೆದು ಗುಂಡಿ ಹಚ್ಚುತ್ತಿದ್ದಳು. ನಾನು ಶಾಲೆಗೆ ಸೇರಿದಾಗ ನಿಜಾಮರ ಆಳ್ವಿಕೆಯಿತ್ತು, ಪಾಠವೆಲ್ಲ ಉರ್ದುವಿನಲ್ಲಿ. ಮಗ್ಗಿಯೂ ಉರ್ದುವೇ. “ದೋ ದೂನಿ ಚಾರ್, ದೋ ತಿಯಾ ಛೇ” ಎಂದು ತಲೆ ಅಲ್ಲಾಡಿಸುತ್ತ ಕೂಗುತ್ತಿದ್ದೆವು. ಅದರ ಅರ್ಥ ನನಗಂತೂ ಗೊತ್ತಿರಲಿಲ್ಲ, ರಾಗ ಗೊತ್ತಿತ್ತು. ಅಷ್ಟರಲ್ಲಿ ನಿಜಾಮರ ಆಳ್ವಿಕೆ ಹೋಯಿತು. ಮರುವರ್ಷ ಶಾಲೆ ಕನ್ನಡಕ್ಕೆ ತಿರುಗಿತು. ಒಳ್ಳೆಯದೇ ಆಯಿತು, ನಮ್ಮ ಮಾತು ನಮಗೆ ಬಂತು. ಆದರೆ ಅಷ್ಟು ದಿನ ಉರ್ದುವಿನಲ್ಲಿ ಲೆಕ್ಕ ಮಾಡಿದ ಮಕ್ಕಳ ಗತಿ ಏನು ಎಂದು ಯಾರೂ ಯೋಚಿಸಲಿಲ್ಲ. ಹೆಡ್‌ಮಾಸ್ತರರಿಗೂ ಕಷ್ಟವೇ. ಅವರು ಓದಿದ್ದು, ಕಲಿಸಿದ್ದು ಎಲ್ಲ ಉರ್ದು. ಕನ್ನಡದ ಮಗ್ಗಿ ಅವರ ನಾಲಗೆಯ ಮೇಲೆ ಎಡವುತ್ತಿತ್ತು. ಅದನ್ನು ಒಪ್ಪಿಕೊಂಡಿದ್ದರೆ ನಾನು ಇವತ್ತು ಅವರ ಬಗ್ಗೆ ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಅವರು ಒಪ್ಪಿಕೊಳ್ಳಲಿಲ್ಲ. ಬೆತ್ತ ಹಿಡಿದರು.

ಅವರಿಗೆ ಬಹುವಚನ ಕೊಡುತ್ತಿದ್ದೇನೆ. ಕೈಗೆ ರೂಢಿಯಾಗಿದೆ, ಅಷ್ಟೇ.

ವರ್ಷ ತುಂಬುವುದರೊಳಗೆ ಅರ್ಧ ತರಗತಿ ‘ದಡ್ಡರ ಸಾಲು’ ಸೇರಿತ್ತು. ಬಾಗಿಲ ಬಳಿ, ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಡೆ ಆ ಸಾಲು. ಬಳೆಗಾರರ ಖಾಸಿಂ ಉರ್ದುವಿನಲ್ಲಿ ತರಗತಿಗೇ ಮೊದಲನೆಯವನಾಗಿದ್ದ, ಅವನೂ ಅಲ್ಲಿ. ನಾನೂ ಅಲ್ಲಿ. ನಾನು ಅಲ್ಲಿಗೆ ಬಂದದ್ದು ಕಳೆಯುವ ಲೆಕ್ಕದಿಂದ. ಮೂವತ್ತೆರಡರಲ್ಲಿ ಏಳು ಕಳೆಯಬೇಕಿತ್ತು. ಹೆಡ್‌ಮಾಸ್ತರರು, “ಎರಡರಾಗ ಏಳು ಹೋಗಂಗಿಲ್ಲ. ಬಾಜೂಕಿನವನ ಕಡೆ ಒಂದು ಕಡ ತಗೋ” ಎಂದರು. ನಮ್ಮ ಮನೆಯಲ್ಲಿ ಸಕ್ಕರೆ, ಸೀಮೆಎಣ್ಣೆ ಕಡ ತರುವವಳು ನಾನೇ. ಅದಕ್ಕೆ ನಿಂತು ಕೇಳಿದೆ: “ಕಡ ತಗೊಂಡದ್ದು ಯಾವಾಗ ತಿರುಗಿ ಕೊಡಬೇಕ್ರಿ?”

ತರಗತಿ ನಕ್ಕಿತು. ನನ್ನ ಅಂಗೈ ಮೇಲೆ ಬೆತ್ತ ಬಿತ್ತು. “ಎದ್ದು ಹೋಗಿ ದಡ್ಡರಾಗ ಕುಂದ್ರು ಬೇ” ಎಂದರು.

ದಡ್ಡರ ಸಾಲಿಗೆ ಇನ್ನೊಂದು ಕೆಲಸವಿತ್ತು. ಶಾಲೆ ಬಿಟ್ಟ ಮೇಲೆ ನಾವು ಹೆಡ್‌ಮಾಸ್ತರರ ಮನೆಗೆ ಹೋಗಬೇಕು. ಬಾವಿಯಿಂದ ನೀರು ತರುವುದು, ದನದ ಕೊಟ್ಟಿಗೆ ಬಳಿಯುವುದು, ಹತ್ತಿಕಟ್ಟಿಗೆ ಮುರಿದು ಒಲೆಗೆ ಜೋಡಿಸುವುದು, ಜೋಳದ ಹರಳು ಆರಿಸುವುದು. “ಇವಕ್ಕ ಹೆಂಗೂ ವಿದ್ಯಾ ಹತ್ತಂಗಿಲ್ಲ. ಕೆಲಸರ ಕಲೀಲಿ” ಎಂದು ನಮ್ಮ ತಂದೆತಾಯಿಗಳ ಮುಂದೆಯೇ ಹೇಳುತ್ತಿದ್ದರು. ತಂದೆತಾಯಿಗಳು ಕೈಮುಗಿದು ಹೂಂ ಎನ್ನುತ್ತಿದ್ದರು. ನನ್ನ ಅಪ್ಪನೂ ಹೂಂ ಎಂದಿದ್ದ.

ಒಂದು ಸಂಜೆ ನಾವು ಹಿತ್ತಲಲ್ಲಿ ಹತ್ತಿಕಟ್ಟಿಗೆ ಮುರಿಯುತ್ತಿದ್ದೆವು. ಖಾಸಿಂ ಬೇಸರಕ್ಕೆ ಉರ್ದುವಿನಲ್ಲಿ ಮಗ್ಗಿ ಹೇಳುತ್ತಿದ್ದ. ವೈನಿ ಒಲೆಗೆ ಕಟ್ಟಿಗೆ ಒಯ್ಯಲು ಬಂದವರು ನಿಂತರು.

“ಏನಂತೀಯೋ ಅದು?”

ಖಾಸಿಂ ಹೆದರಿ ಕೈಯಲ್ಲಿದ್ದ ಕಟ್ಟಿಗೆ ಕೆಳಗಿಟ್ಟ.

“ಬಯ್ಯಂಗಿಲ್ಲ, ಹೇಳು.”

“ಸಾತ್ ಅಠ್ಠೆ ಛಪ್ಪನ್” ಎಂದ.

“ಛಪ್ಪನ್ ಅಂದ್ರ ಎಷ್ಟು? ಈ ಕಟ್ಟಿಗ್ಯಾಗ ಎಣಿಸಿ ಕೊಡು ನೋಡೂಣು.”

ಅವನು ಕೂತು ಕಟ್ಟಿಗೆ ಎಣಿಸಿ ಗುಂಪು ಮಾಡಿದ. ವೈನಿ ಇನ್ನೊಮ್ಮೆ ಎಣಿಸಿದರು. ಐವತ್ತಾರು ಸರಿಯಾಗಿತ್ತು. ಅವರ ಮುಖ ಕೆಂಪಾಯಿತು. ಅದು ಸಿಟ್ಟು ಎಂದು ನನಗೆ ಆಗ ತಿಳಿಯಲಿಲ್ಲ. ನಮ್ಮ ಮೇಲೇ ಇರಬೇಕು ಎಂದು ಹಿಂದೆ ಸರಿದೆ.

“ಇವನ್ನ ದಡ್ಡ ಅಂತಾರೇನು?” ಎಂದರು. ಯಾರನ್ನೂ ಕೇಳಿದ್ದಲ್ಲ ಅದು. “ಇವಂಗ ಲೆಕ್ಕ ಬರತೈತಿ. ಕನ್ನಡದಾಗ ಅದರ ಹೆಸರು ಬರಂಗಿಲ್ಲ, ಅಷ್ಟ.”

ಆಮೇಲೆ ನನ್ನ ಕಡೆ ತಿರುಗಿ ನನಗೇನು ಬರುವುದಿಲ್ಲ ಎಂದು ಕೇಳಿದರು. ನಾನು ಕಡದ ಕತೆ ಹೇಳಿದೆ. ವೈನಿ ನಗಲಿಲ್ಲ. “ನೀ ಕೇಳಿದ್ದು ಖರೇನ ಐತಿ. ಕಡ ತಗೊಂಡ್ರ ತಿರುಗಿ ಕೊಡಬೇಕು. ಇದು ಕಡ ಅಲ್ಲ, ತಪ್ಪು ಹೇಳ್ಯಾರ” ಎಂದು ಅಲ್ಲೇ ಕೂತು ಹತ್ತು ಹತ್ತು ಕಟ್ಟಿಗೆಗಳನ್ನು ಪುಂಡಿನಾರಿನಿಂದ ಕಟ್ಟಿದರು. ಮೂರು ಕಟ್ಟು, ಎರಡು ಬಿಡಿ ಕಟ್ಟಿಗೆ ನನ್ನ ಮುಂದಿಟ್ಟರು. “ಮೂವತ್ತೆರಡು ಅದಾವು. ಈಗ ನನಗ ಏಳು ಕೊಡು.”

“ಬಿಡಿ ಎರಡ ಅದಾವಲ್ರಿ.”

“ಮತ್ತೇನು ಮಾಡ್ತಿ?”

ನಾನು ಬಹಳ ಹೊತ್ತು ನೋಡಿದೆ. ಆಮೇಲೆ ಒಂದು ಕಟ್ಟಿನ ನಾರು ಬಿಚ್ಚಿದೆ. ಯಾರ ಹತ್ತಿರವೂ ಬೇಡುವುದು ಬೇಕಿರಲಿಲ್ಲ. ನನ್ನದೇ ಕಟ್ಟು, ನಾನೇ ಬಿಚ್ಚಿದ್ದೆ. ಏಳು ಎಣಿಸಿ ಕೊಟ್ಟೆ. ಎರಡು ಕಟ್ಟು, ಐದು ಬಿಡಿ ಉಳಿದವು.

“ಇಪ್ಪತ್ತೈದು!” ಎಂದು ಕೂಗಿದೆ. ಒಳಗಿನಿಂದ ಅತ್ತೆ, “ಏನ ಗದ್ದಲ ಅದು?” ಎಂದರು. ವೈನಿ ಕಟ್ಟಿಗೆ ಎತ್ತಿಕೊಂಡು ಒಳಗೆ ನಡೆದರು. ಹೋಗುತ್ತಾ ಮೆಲ್ಲಗೆ, “ನಾಳೆ ಪಾಟಿ ತಗೊಂಡ ಬರ್ರಿ ಎಲ್ಲಾರೂ” ಎಂದರು.

ಹೀಗೆ ಶುರುವಾಯಿತು. ಕೆಲಸ ಬೇಗ ಬೇಗ ಮುಗಿಸಿ ನಾವು ಅಡುಗೆಮನೆಯ ಹಿಂಬಾಗಿಲ ಹತ್ತಿರ ಕೂರುತ್ತಿದ್ದೆವು. ಎಂಟೊಂಬತ್ತು ಮಕ್ಕಳು. ಒಳಗೆ ವೈನಿ ರೊಟ್ಟಿ ಬಡಿಯುತ್ತ, ಪಲ್ಯ ತಿರುವುತ್ತ ಲೆಕ್ಕ ಹೇಳುವರು. ಉರ್ದುವಿನಲ್ಲಿ ಬಲ್ಲವರು ಮೊದಲು ಉರ್ದುವಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಬೇಕು. ಖಾಸಿಂನಿಂದ ಅವರೂ ಉರ್ದು ಅಂಕಿ ಕಲಿತರು. ತಪ್ಪಿದರೆ ಬೈಯುತ್ತಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. “ಹೆಂಗ ಬಂತು ಅದು? ದಾರಿ ಹೇಳು” ಎನ್ನುವರು. ಉತ್ತರ ಸರಿಯಿದ್ದರೂ ದಾರಿ ಹೇಳಬೇಕು. ನಮ್ಮಲ್ಲೊಬ್ಬ, ಬೇರೊಬ್ಬನನ್ನು ದಡ್ಡ ಎಂದರೆ ಮಾತ್ರ ಅವರ ದನಿ ಏರುತ್ತಿತ್ತು. “ದಡ್ಡ ಅಂಬೂದು ಲೆಕ್ಕದ ಉತ್ತರ ಅಲ್ಲ, ಬೈಗಳ. ಈ ಮನ್ಯಾಗ ಬೈಗಳ ಬ್ಯಾಡ.” ಆ ಮನೆಯಲ್ಲಿ ಆ ಮಾತನ್ನು ಯಾರು ದಿನಾ ಆಡುತ್ತಿದ್ದರು ಎನ್ನುವುದು ನಮಗೆಲ್ಲ ಗೊತ್ತಿತ್ತು. ಅವರಿಗೂ.

ಹೆಡ್‌ಮಾಸ್ತರರು ಒಂದೆರಡು ಸಲ ಅಡುಗೆಮನೆಯ ಆಚೆ ನಿಂತು ಕೇಳಿಸಿಕೊಂಡದ್ದನ್ನು ನಾನು ನೋಡಿದ್ದೆ. ಗದರಿಸುತ್ತಾರೆ ಎಂದುಕೊಂಡಿದ್ದೆ, ಗದರಿಸಲಿಲ್ಲ. ವಾರದ ಮೇಲೆ ತರಗತಿಯಲ್ಲಿ ಹತ್ತಿಕಟ್ಟಿಗೆಯ ಕಟ್ಟು ಮೇಜಿನ ಮೇಲೆ ಬಂತು. “ನೋಡ್ರಿ, ನಾ ಒಂದು ಹೊಸಾ ರೀತಿ ಕಂಡ ಹಿಡದೀನಿ” ಎಂದು ನಾರು ಬಿಚ್ಚಿ ತೋರಿಸಿದರು. ಖಾಸಿಂ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರೂ ತಲೆ ತಗ್ಗಿಸಿದೆವು.

ಆ ವರ್ಷದ ತನಿಖೆಗೆ ಬಂದ ಅಧಿಕಾರಿ ದಡ್ಡರ ಸಾಲಿನವರನ್ನೇ ಎಬ್ಬಿಸಿ ಕೇಳಿದರು. ನಾವು ಹೇಳಿದೆವು. ಅಧಿಕಾರಿ ಹೆಡ್‌ಮಾಸ್ತರರ ಬೆನ್ನು ತಟ್ಟಿದರು. ಅಲ್ಲಿಂದ ನಮ್ಮ ಹಿಂಬಾಗಿಲ ಶಾಲೆ ಮುಂಬಾಗಿಲಿಗೆ ಬಂತು. ‘ಹೆಡ್‌ಮಾಸ್ತರರ ಸಂಜೆ ಶಾಲೆ’ ಎಂದು ಹೆಸರಾಯಿತು. ಗೌಡರ ಮಕ್ಕಳು, ಅಡತಿ ಅಂಗಡಿಯವರ ಮಕ್ಕಳು ಬಂದರು. ಅವರ ಮನೆಗಳಿಂದ ಜೋಳದ ಚೀಲ, ತುಪ್ಪದ ತಂಬಿಗೆ ಬಂದವು. ಹೆಡ್‌ಮಾಸ್ತರರು ಹೊರಗಿನ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತ ಕೂರುವರು. ಒಳಗೆ ಪಡಸಾಲೆಯಲ್ಲಿ ಕಲಿಸುವವರು ವೈನಿ. ಯಾರಾದರೂ ದೊಡ್ಡ ಗಂಡಸರು ಬಂದರೆ ಸೆರಗು ಹೊದ್ದು ಬಾಗಿಲ ಮರೆಗೆ ಸರಿದು ಅಲ್ಲಿಂದಲೇ ಲೆಕ್ಕ ಹೇಳುವರು. ಅಡುಗೆ ತಪ್ಪಲಿಲ್ಲ, ಬೀಸುವುದು ತಪ್ಪಲಿಲ್ಲ, ಅತ್ತೆಯ ಕಾಲೊತ್ತುವುದೂ ತಪ್ಪಲಿಲ್ಲ. ಬಂದ ತುಪ್ಪದಲ್ಲಿ ಅವರ ತಾಟಿಗೆ ಎಷ್ಟು ಬೀಳುತ್ತಿತ್ತೋ ನಾನು ಕಾಣೆ.

ಗೌಡರ ಮಕ್ಕಳು ಬಂದ ಮೇಲೆ ನಮ್ಮ ಸ್ಥಾನ ಬದಲಾಯಿತು. ಹೆಡ್‌ಮಾಸ್ತರರು ಒಂದು ದಿನ, “ಸಿಂಪಿಗೇರ ಹುಡುಗಿ, ಬಳೆಗಾರರ ಹುಡುಗ, ನೀವೆಲ್ಲಾ ಕೊಟ್ಟಿಗಿ ಕಡೆ ನಡೀರಿ. ಇಲ್ಲಿ ಜಾಗಾ ಇಲ್ಲ” ಎಂದರು. ನಾವು ಎದ್ದೆವು. ಬಾಗಿಲ ಮರೆಯಲ್ಲಿದ್ದ ವೈನಿ ಹೊರಗೆ ಬಂದರು.

“ಜಾಗಾ ಐತಿ, ಮಾವಾರ. ಸರಕೊಂಡು ಕುಂದ್ರತಾವು.”

“ನಾ ಹೇಳಿದ್ದು ಕೇಳಸ್ತಿಲ್ಲೋ?”

“ಕೇಳಸ್ತ್ರಿ” ಎಂದು ಒಳಗೆ ಹೋದರು.

ಮರುದಿನ ಸಂಜೆ ವೈನಿ ಪಡಸಾಲೆಗೆ ಬರಲೇ ಇಲ್ಲ. ಅಡುಗೆಮನೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನಾವು ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತ ಕಿವಿ ಅತ್ತ ಕೊಟ್ಟಿದ್ದೆವು. ಹೆಡ್‌ಮಾಸ್ತರರು ತಾವೇ ಕೂತು ಗೌಡರ ಮಗನಿಗೆ ಲೆಕ್ಕ ಹೇಳಲು ಹೋದರು. ಐದೊಂಬತ್ತಲೆ ಎಂದು ಶುರು ಮಾಡಿ ಪೈಂತಾಲೀಸ್ ಎಂದು ನಿಂತರು, ಅದನ್ನೇ ಕನ್ನಡದಲ್ಲಿ ನಲವತ್ತೈದು ಎನ್ನಲು ಹೋಗಿ ಐವತ್ತನಾಲ್ಕು ಎಂದರು. ಗೌಡರ ಮಗ ಸಣ್ಣಗೆ ನಕ್ಕ. ಮೂರನೆಯ ದಿನ ಗೌಡರ ಮನೆಯ ಆಳು ಬಂದು ಹುಡುಗರನ್ನು ಕಳಿಸಬೇಕೋ ಬೇಡವೋ ಎಂದು ಕೇಳಿದ. ಆ ಸಂಜೆ ಹೆಡ್‌ಮಾಸ್ತರರು ಕೊಟ್ಟಿಗೆಗೆ ಬಂದು ನಮ್ಮ ಮುಖ ನೋಡದೆ, “ಒಳಗ ಹೋಗ್ರಿ” ಎಂದರು. ವೈನಿ ಕೈ ತೊಳೆದು ಬಂದರು. ಏನೂ ಆಗಿಲ್ಲವೆಂಬಂತೆ, “ಎಲ್ಲಿ ಬಿಟ್ಟಿದ್ವಿ?” ಎಂದರು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ರಾಯಚೂರಿನಿಂದ ಒಬ್ಬ ಹೆಣ್ಣು ಅಧಿಕಾರಿ ಬಂದರು. ಇನ್ಸ್‌ಪೆಕ್ಟರ್ ಬಾಯಾರು ಎಂದು ಊರು ಅವರನ್ನು ನೋಡಲು ನೆರೆಯಿತು. ಹೆಣ್ಣುಮಕ್ಕಳಿಗೆ ಬೇರೆ ಶಾಲೆ ತೆರೆಯುವುದಿತ್ತು. ಕಲಿಸುವ ಹೆಂಗಸು ಸಿಕ್ಕರೆ ನಿಮ್ಮೂರಿಗೇ ಕೊಡುತ್ತೇವೆ ಎಂದರು. ತರಗತಿಯಲ್ಲಿ ನನ್ನನ್ನು ಎಬ್ಬಿಸಿ ಲೆಕ್ಕ ಕೇಳಿದರು. ಮಾಡಿದೆ. ದಾರಿ ಕೇಳಿದರು. ಕಟ್ಟು ಬಿಚ್ಚುವುದನ್ನು ಹೇಳಿದೆ.

“ಚಲೋ ಹೇಳಿದಿ. ಯಾರು ಕಲಿಸಿದರು?”

“ವೈನಿ” ಎಂದೆ. ನನಗೆ ಬೇರೆ ಉತ್ತರ ಗೊತ್ತಿರಲಿಲ್ಲ.

“ನಮ್ಮ ಸೊಸಿ ರೀ” ಎಂದು ಹೆಡ್‌ಮಾಸ್ತರರು ನಡುವೆ ಬಂದರು. “ನಾ ಹೇಳಿದ್ದನ್ನ ಮನ್ಯಾಗ ಮಕ್ಕಳಿಗೆ ತಿರುಗಿ ಹೇಳತಾಳ, ಅಷ್ಟ.”

ಬಾಯಾರು ಅವರ ಮನೆಗೇ ಹೋದರು. ನೀರು ತರುವ ಪಾಳಿ ನನ್ನದಿತ್ತು, ಕೊಡ ಹೊತ್ತು ಹಿಂದೆಯೇ ಹೋದೆ. ಬಾಯಾರು ಕುರ್ಚಿಯಲ್ಲಿ ಕೂತು ಬಾಗಿಲ ಕಡೆ ತಿರುಗಿ ವೈನಿಯನ್ನು ಎಷ್ಟು ಓದಿದ್ದೀರಿ ಎಂದು ಕೇಳಿದರು. ಒಳಗಿನಿಂದ ದನಿ ಬಂತು: “ಮುಲ್ಕಿ ಪಾಸಾಗೇನ್ರಿ.” ಬಾಯಾರು ನೆಟ್ಟಗಾದರು. “ನಾನು ಈ ತಾಲೂಕು ಪೂರಾ ಹುಡುಕಿದೆ. ಮುಲ್ಕಿ ಪಾಸಾದ ಒಬ್ಬ ಹೆಂಗಸು ಸಿಗಲಿಲ್ಲ. ನೀವು ಒಪ್ಪಿದರೆ ಇವತ್ತೇ ಬರಕೊಂಡು ಹೋಗ್ತೀನಿ.”

ಹೆಡ್‌ಮಾಸ್ತರರು ಗಟ್ಟಿಯಾಗಿ ನಕ್ಕರು. “ನಮ್ಮ ಮನಿ ಹೆಣ್ಮಕ್ಕಳು ಪಗಾರಕ್ಕ ದುಡಿಯಂಗಿಲ್ರಿ ಬಾಯಾರ. ಅಕಿಗೆ ಅಷ್ಟೆಲ್ಲಾ ಬರೂದೂ ಇಲ್ಲ.”

ಆಗ ವೈನಿ ಬಾಗಿಲ ಮರೆಯಿಂದ ಹೊರಗೆ ಬಂದರು. ಸೆರಗು ಹೆಗಲ ಮೇಲಿತ್ತು, ತಲೆಯ ಮೇಲಿರಲಿಲ್ಲ. ಮಾವನ ಮುಂದೆ ಅವರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಬಾಯಾರ ಮುಖವನ್ನೇ ನೋಡಿ, “ನಾ ಮಾಡ್ತೀನ್ರಿ” ಎಂದರು.

“ಒಳಗ ನಡಿ.”

“ನಾ ಮಾಡ್ತೀನ್ರಿ, ಬಾಯಾರ. ಬರಕೋರಿ.”

“ಒಳಗ ನಡಿ ಅಂದೆ!”

ಬಾಯಾರು ಪೆನ್ನು ಹಿಡಿದೇ ಇದ್ದರು. ಇಬ್ಬರನ್ನೂ ನೋಡಿದರು. ಕೊನೆಗೆ, “ಮನೆಯವರ ಒಪ್ಪಿಗೆ ಇಲ್ಲದೆ ನಾನು ಬರೆಯೋದು ಆಗಂಗಿಲ್ಲ ತಾಯಿ” ಎಂದು ಎದ್ದರು. ಅವರ ಮೇಲೂ ನನಗೆ ಸಿಟ್ಟಿದೆ. ಕುರ್ಚಿಯಿಂದ ಏಳುವುದು ಅವರಿಗೆ ಎಷ್ಟು ಸುಲಭವಾಯಿತು! ಹೆಣ್ಣುಮಕ್ಕಳ ಶಾಲೆ ನಮ್ಮೂರಿಗೆ ಬರಲೇ ಇಲ್ಲ. ನನ್ನ ತಂಗಿಯರಿಬ್ಬರೂ ಓದಲಿಲ್ಲ. ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳು ಓದಲಿಲ್ಲ. ಒಬ್ಬ ಗಂಡಸಿನ ಬಿಗುಮಾನಕ್ಕೆ ಒಂದು ಊರಿನ ಹೆಣ್ಣುಮಕ್ಕಳು ಬೆಲೆ ಕೊಟ್ಟರು.

ಸಂಜೆ ಶಾಲೆ ಅಂದೇ ನಿಂತಿತು. ಹೆಡ್‌ಮಾಸ್ತರರು ಆರೋಗ್ಯ ಸರಿಯಿಲ್ಲ ಎಂದು ಊರಿಗೆ ಹೇಳಿದರು. ಮಗನಿಗೆ ಹೇಳಿಕಳಿಸಿದರು. ಆತ ಆಗಷ್ಟೇ ಸಿಂಧನೂರಿನ ಕಾಲುವೆ ಕಚೇರಿಗೆ ವರ್ಗವಾಗಿದ್ದರು. ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದು ಅಪ್ಪಣೆಯಾಯಿತು. ನನಗೂ ಶಿಕ್ಷೆಯಾಯಿತು. ನಾಲ್ಕನೆಯ ತರಗತಿಯ ಪರೀಕ್ಷೆ ಲಿಂಗಸುಗೂರಿನಲ್ಲಿ. ಹೋಗುವವರ ಹೆಸರು ಓದಿದಾಗ ನನ್ನದು ಇರಲಿಲ್ಲ. ಖಾಸಿಂನದೂ ಇರಲಿಲ್ಲ. “ದಡ್ಡರನ್ನ ಕಳಿಸಿ ಸಾಲಿ ಮರ್ಯಾದಿ ಯಾಕ ಕಳೀಲಿ?” ಎಂದರು.

ನಾನು ಅಳುತ್ತ ಮನೆಗೆ ಬಂದೆ. ಅಪ್ಪ ಹೊಲಿಗೆಯಂತ್ರದ ಗಾಲಿ ನಿಲ್ಲಿಸಿ, “ಹೋಗ್ಲಿ ಬಿಡು, ನಿಮ್ಮವ್ವಗ ಗುಂಡಿ ಹಚ್ಚಾಕ ಕೈ ಬೇಕಾಗೇತಿ” ಎಂದ. ಮಾರನೆಯ ದಿನ ನಡುಮಧ್ಯಾಹ್ನ ವೈನಿ ನಮ್ಮ ಓಣಿಗೆ ಬಂದರು. ಹೆಡ್‌ಮಾಸ್ತರರ ಸೊಸೆ ನಮ್ಮ ಓಣಿಗೆ ಬಂದದ್ದೇ ಒಂದು ಸುದ್ದಿ. ಅವ್ವ ಗಡಿಬಿಡಿಯಿಂದ ಕಂಬಳಿ ಹಾಸಿದಳು. ವೈನಿ ಕೂರಲಿಲ್ಲ.

“ಅಣ್ಣಾರ, ಗಂಗೀನ ಪರೀಕ್ಷಾಕ್ಕ ಕೂಡಸ್ರಿ” ಎಂದರು ಅಪ್ಪನಿಗೆ.

“ಮಾಸ್ತರ ಬ್ಯಾಡ ಅಂದಾರಲ್ಲವ್ವ. ಅವರ ಎದುರಿಗೆ ನಾವು ಹೆಂಗ...”

“ನೀವು ಎದುರಿಗೆ ನಿಂದ್ರಬ್ಯಾಡ್ರಿ. ನಾ ಕರಕೊಂಡು ಹೋಗ್ತೀನಿ. ನೀವು ಹೂಂ ಅನ್ರಿ, ಸಾಕು.”

ಅಪ್ಪ ಮತ್ತೆ ಯಂತ್ರದ ಗಾಲಿಗೆ ಕೈ ಹಾಕಿದ. ಅವ್ವ ಒಳಗಿನಿಂದ, “ಹೂಂ ರೀ ನನ್ನವ್ವಾ, ಕರಕೊಂಡು ಹೋಗ್ರಿ” ಎಂದಳು. ಅವ್ವ ಅಪ್ಪನಿಗಿಂತ ಮೊದಲು ಹೂಂ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಂದ ವೈನಿ ಬಳೆಗಾರರ ಮನೆಗೂ ಹೋದರು. ಖಾಸಿಂನ ಅಪ್ಪ ಆಗಲೇ ಅವನನ್ನು ಬಳೆಯ ಪೆಟ್ಟಿಗೆ ಹೊರಿಸಿ ಪಾಮನಕಲ್ಲೂರಿಗೆ ಕಳಿಸಿಬಿಟ್ಟಿದ್ದ. ವೈನಿ ಬರಿಗೈಯಲ್ಲಿ ತಿರುಗಿ ಬಂದರಂತೆ. ಖಾಸಿಂ ಮುಂದೆ ಶಾಲೆಯ ಮುಖ ನೋಡಲಿಲ್ಲ.

ಪರೀಕ್ಷೆಯ ದಿನವೇ ವೈನಿ ಊರು ಬಿಡುವ ದಿನ. ಚಕ್ಕಡಿಯಲ್ಲಿ ಅವರು, ಅವರ ಗಂಡ, ಒಂದು ಟ್ರಂಕು, ನಾನು. ಮಸ್ಕಿಯಲ್ಲಿ ಸಿಂಧನೂರಿನ ಬಸ್ಸು ಒಂದು ದಿಕ್ಕಿಗೆ, ಲಿಂಗಸುಗೂರಿನ ಬಸ್ಸು ಇನ್ನೊಂದು ದಿಕ್ಕಿಗೆ. ವೈನಿ ನನ್ನ ಕೈ ಹಿಡಿದು ಲಿಂಗಸುಗೂರಿನ ಬಸ್ಸು ಹತ್ತಿದರು. ಗಂಡ ಕೆಳಗೇ ನಿಂತು, “ಅಪ್ಪಗ ಗೊತ್ತಾದ್ರ...” ಎಂದರು.

“ಗೊತ್ತಾಗ್ಲಿ ಬಿಡ್ರಿ. ನೀವು ಬರ್ತೀರೋ, ನಾನೊಬ್ಬಾಕೀನ ಹೋಗಿ ಬರ್ಲೋ?”

ಆತ ಟ್ರಂಕು ಹೊತ್ತು ಹಿಂದೆ ಹತ್ತಿದರು. ಕೆಟ್ಟ ಮನುಷ್ಯರಲ್ಲ. ಅಪ್ಪನ ದನಿ ಕೇಳಿದರೆ ಸಣ್ಣವರಾಗುತ್ತಿದ್ದರು, ಅಷ್ಟೇ. ಅಂಥ ಒಳ್ಳೆಯತನದಿಂದ ಹೆಂಡತಿಗೆ ಏನು ಉಪಯೋಗ!

ಪರೀಕ್ಷೆ ನಡೆಯುವ ಶಾಲೆಯ ಮೆಟ್ಟಿಲ ಮೇಲೆ ಅದೇ ಬಾಯಾರು ಇದ್ದರು. ನನ್ನ ಹೆಸರು ಇಲ್ಲ, ಕೂರಿಸಲಾಗದು ಎಂದು ಅಲ್ಲಿನ ಮಾಸ್ತರರು ಹೇಳುತ್ತಿದ್ದರು. ವೈನಿ ಅವರನ್ನು ದಾಟಿ ನೇರ ಬಾಯಾರ ಮುಂದೆ ನಿಂತರು.

“ನನಗ ಕೊಡಾಕ ಆಗದ್ದು ಬಿಡ್ರಿ, ಬಾಯಾರ. ಈ ಹುಡುಗಿಗೆ ಒಂದು ಚಾಪಿ ಕೊಡ್ರಿ. ಬರೀತಾಳ.”

ಬಾಯಾರು ಕೆಳಗೆ ನೋಡಿದರು. ಆಮೇಲೆ ಮಾಸ್ತರರಿಗೆ, “ಕೂಡ್ರಸ್ರಿ” ಎಂದರು.

ನಾನು, ಹಿಂದೊಮ್ಮೆ ಅಲ್ಲಿದ್ದ ಇಂಗ್ಲಿಷರ ದಂಡಿನ ಕಾಲದ ಆ ದಪ್ಪ ಗೋಡೆಯ ಕೋಣೆಯಲ್ಲಿ ಕೂತು ಬರೆದೆ. ಕಿಟಕಿಯಾಚೆ ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ವೈನಿ ಕೂತಿದ್ದರು. ಹೊರಗೆ ಬಂದಾಗ ಹೇಗಾಯಿತು ಎಂದು ಕೇಳಲಿಲ್ಲ. “ಕಡೇ ಲೆಕ್ಕ ಏನಿತ್ತು? ದಾರಿ ಹೇಳು” ಎಂದರು. ಹೇಳಿದೆ. ತಲೆ ಆಡಿಸಿದರು. ಊರಿನ ಕಡೆ ಹೊರಟಿದ್ದ ಪರಿಚಯದವರ ಗಾಡಿಯಲ್ಲಿ ನನ್ನನ್ನು ಕೂರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಪಾಸಾದೆ. ಲಿಂಗಸುಗೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಮುಂದೆ ಓದಿದೆ. ಸಿಂಧನೂರಿನ ಕಡೆಯಿಂದ ಬಂದವರ ಬಾಯಲ್ಲಿ ವೈನಿಯ ಮಾತು ನನಗೆ ತಲುಪುತ್ತಿತ್ತು. ಕ್ಷೇಮವೇ ಎಂದು ಎಂದೂ ಕೇಳಿಸಿದವರಲ್ಲ. “ವೈನ್ಯಾರು ಕೇಳ್ಯಾರ, ಭಿನ್ನರಾಶಿ ಮುಗೀತೇನು ಅಂತ.” ಒಂದು ವರ್ಷದ ಮೇಲೆ, “ಬೀಜಗಣಿತ ಅಂದ್ರ ಏನು, ತಿಳಕೊಂಡು ನನಗೂ ಹೇಳಿ ಕಳಸು ಅಂದಾರ.” ಅವರು ಜವಳಗೇರಾ ದಾರಿಯ ಕಾಲುವೆ ಕ್ಯಾಂಪಿನಲ್ಲಿದ್ದಾರೆಂದೂ, ಮಣ್ಣು ಹೊರುವವರ ಮಕ್ಕಳನ್ನು ಸಂಜೆ ಕೂರಿಸಿಕೊಳ್ಳುತ್ತಾರೆಂದೂ ಕೇಳಿದ್ದೆ. ಹೋಗಬೇಕು ಎಂದುಕೊಳ್ಳುತ್ತಲೇ ಇದ್ದೆ.

ಕನ್ನಡದ ಸೀಮೆಗಳೆಲ್ಲ ಒಂದಾಗುವ ವರ್ಷ, ಮಳೆಗಾಲದ ಕೊನೆಗೆ, ಕ್ಯಾಂಪಿನಲ್ಲಿ ಚಳಿಜ್ವರ ಎದ್ದಿತು. ವೈನಿ ಮಲಗಿದರು, ಏಳಲಿಲ್ಲ. ಗಂಡ ಸಿಂಧನೂರಿನ ದವಾಖಾನೆಗೆ ಒಯ್ಯುವಾಗ ತಡವಾಗಿತ್ತು. ಹೆತ್ತವರ ಮನೆ ಕೃಷ್ಣೆಯಾಚೆ, ಅವರು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ನನಗೆ ಸುದ್ದಿ ಬಂದದ್ದು ಬಹಳ ದಿನಗಳ ಮೇಲೆ.

ಅದಾದ ಸ್ವಲ್ಪ ದಿನಕ್ಕೆ ಹೆಡ್‌ಮಾಸ್ತರರು ನಿವೃತ್ತರಾದರು. ಸೂತಕ ಕಳೆಯಲಿ ಎಂದು ಕಾದಿದ್ದರೋ ಏನೋ, ಶಾಲೆಯ ಅಂಗಳದಲ್ಲಿ ಸನ್ಮಾನವಿಟ್ಟರು. ತೋರಣ, ಶಾಲು, ಹಾರ. ರಾಜ್ಯ ಒಂದಾದ ಹುರುಪಿನಲ್ಲಿ ಮಾತಾಡಿದವರೆಲ್ಲ ಅವರನ್ನು ಕನ್ನಡದ ಸೇವಕ ಎಂದರು. ದಡ್ಡರನ್ನು ಜಾಣರನ್ನಾಗಿ ಮಾಡಿದ ಗುರು ಎಂದರು. ಒಬ್ಬರೂ ಸೊಸೆಯ ಹೆಸರು ಎತ್ತಲಿಲ್ಲ. ಅವರು ಸತ್ತು ತಿಂಗಳೆರಡಾಗಿರಲಿಲ್ಲ. ಸಂಜೆ ಶಾಲೆಯಲ್ಲಿ ಓದಿ ಮುಂದೆ ಬಂದವಳು ಎಂದು ನನ್ನನ್ನು ಎರಡು ಮಾತು ಆಡಲು ಕರೆದರು.

ನಾನು ಎದ್ದೆ.

“ನನಗ ಲೆಕ್ಕ ಕಲಿಸಿದವರು ಇವರಲ್ಲ” ಎಂದೆ. “ಇವರ ಹಿರೇ ಸೊಸಿ. ಈ ಊರಾಗ ಸಂಜಿ ಸಾಲಿ ನಡಿಸಿದಾಕಿ ಅಕಿ. ಅಕಿಗೆ ನೌಕರಿ ಬಂದಿತ್ತು. ಇವರು ಬ್ಯಾಡ ಅಂದ್ರು. ಇವತ್ತು ಇಲ್ಲಿ ಅಕಿ ಹೆಸರು ಯಾರೂ ತಗೊಳ್ಳಿಲ್ಲ. ನಾ ಹೇಳಾಕತ್ತೀನಿ.”

ಹೆಡ್‌ಮಾಸ್ತರರು ಹಾರವನ್ನು ಸರಿಪಡಿಸಿಕೊಂಡು, “ಹುಡುಗಿಗೆ ಇನ್ನಾ ತಿಳುವಳಿಕಿ ಬಂದಿಲ್ಲ” ಎಂದರು ನಗುತ್ತ. ಮೊದಲು ಗೌಡರು ನಕ್ಕರು. ಆಮೇಲೆ ಅಡತಿಯವರು. ಆಮೇಲೆ ಎಲ್ಲರೂ. ವೈನಿಯ ಪಡಸಾಲೆಯಲ್ಲಿ ಕೂತು ಕಲಿತವರೂ ನಕ್ಕರು. ಅಪ್ಪ ನೆಲ ನೋಡುತ್ತಿದ್ದ. ಹೆಂಗಸರ ಕಡೆಯಿಂದ ಅವ್ವ ಎದ್ದು ಬಂದು, ಅಷ್ಟು ಜನರ ನಡುವೆ ನನ್ನ ಕೈ ಹಿಡಿದಳು. “ನಡಿಯವ್ವ. ಇಲ್ಲಿ ನಮಗೇನು ಕೆಲಸ ಐತಿ” ಎಂದಳು. ಮನೆ ಹತ್ತಿರ ಬಂದಾಗ, “ನಾಳೆ ಆ ಕ್ಯಾಂಪಿಗೆ ಹೋಗೂಣು. ಅಕಿ ಇದ್ದ ಜಾಗಾನರ ನೋಡ್ಕೊಂಡ ಬರೂಣು” ಎಂದಳು.

ಹೋದೆವು. ಸಿಂಧನೂರಿಗೆ ಬಸ್ಸು, ಅಲ್ಲಿಂದ ಕಾಲುವೆಯ ಲಾರಿ. ಕ್ಯಾಂಪೆಂದರೆ ತಗಡಿನ ಮನೆಗಳ ಎರಡು ಸಾಲು, ಆಚೆ ಕೂಲಿಯವರ ಗುಡಿಸಲು. ವೈನಿಯ ಮನೆಗೆ ಬೀಗ. ಗಂಡ ರಜೆ ಹಾಕಿ ಹೋಗಿದ್ದರು. ನೆರೆಯಾಕೆ ಅವ್ವನಿಗೆ ಜ್ವರದ ದಿನಗಳ ಕತೆ ಹೇಳುತ್ತಿದ್ದಳು. ನನಗೆ ಕೇಳಲಾಗಲಿಲ್ಲ. ಬಾಗಿಲ ಮುಂದೆ ಬಂದು ಕೂತೆ.

ಹೊತ್ತು ಇಳಿಯುತ್ತಿದ್ದಂತೆ ಮಕ್ಕಳು ಬಂದವು. ಮೈಯೆಲ್ಲ ಕಾಲುವೆಯ ಮಣ್ಣು. ಕೆಲವು ತೆಲುಗಿನವು, ಕೆಲವು ನಮ್ಮ ಕಡೆಯವು. ಬೀಗವನ್ನು ನೋಡಿ ಹೋಗಲಿಲ್ಲ, ಅಲ್ಲೇ ಕೂತವು. ದಿನಾ ಬಂದು ಹೀಗೇ ಕೂತು ಎದ್ದು ಹೋಗುತ್ತವೆ ಎಂದು ನೆರೆಯಾಕೆ ಅಂದಳು. ಸತ್ತದ್ದನ್ನು ಅವಕ್ಕೆ ಯಾರೂ ಹೇಳಿರಲಿಲ್ಲ, ಊರಿಗೆ ಹೋಗಿದ್ದಾರೆ ಎಂದಿದ್ದರು.

ಒಬ್ಬ ಪುಟ್ಟ ಹುಡುಗಿ ನನ್ನ ಹತ್ತಿರ ಸರಿದು ಕೇಳಿದಳು: “ನೀವು ಲೆಕ್ಕ ಹೇಳಾಕ ಬಂದೀರೇನ್ರಿ?”

ನಾನು ಹಾಗೆಂದು ಬಂದವಳಲ್ಲ. “ಹೂಂ” ಎಂದೆ. “ಪಾಟಿ ತಗೀರಿ.” ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು.

ಹುಡುಗಿ ಪಾಟಿಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. “ಯಾಕ ಸಿಟ್ಟಾಗೀರಿ?”

“ನಿಮ್ಮ ಮ್ಯಾಲ ಅಲ್ಲವ್ವಾ” ಎಂದೆ. “ನಿಮ್ಮ ಮ್ಯಾಲ ಅಲ್ಲ. ಹತ್ರ ಬಾ, ಕುಂದ್ರು.”